ವಿದೇಶಿ ಗೆಳೆಯ ಎರಡು ವರ್ಷದ ಕೆಲಸಕ್ಕೆ ಬೆಂಗಳೂರಿಗೆ ಬರುತ್ತಿದ್ದಾನೆ, ಏನು ಹೇಳಲಿ?

ಮೊದಲು ವೀಸಾ. ಟೂರಿಸ್ಟ್ ವೀಸಾದಲ್ಲಿ ಬಂದು ಇಲ್ಲೇ ಕೆಲಸದ ವೀಸಾಗೆ ಬದಲಿಸಿಕೊಳ್ಳೋಣ ಅನ್ನುವ ಲೆಕ್ಕಾಚಾರ ಬೇಡ. ಅಲ್ಲಿಂದಲೇ ಸರಿಯಾದ ವೀಸಾ ಹಾಕಿಸಿಕೊಂಡು ಬರಲಿ. ಅದು 180 ದಿನಕ್ಕಿಂತ ಜಾಸ್ತಿ ಅವಧಿಯದ್ದಾದರೆ, ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ, ನೋಂದಣಿ ಆಗಬೇಕು. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು.

ನಿಜವಾದ ತಲೆನೋವು ಮನೆ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಅಡ್ವಾನ್ಸ್ ಹೆಸರಲ್ಲಿ ಆರರಿಂದ ಹತ್ತು ತಿಂಗಳ ಬಾಡಿಗೆ ಕೇಳುವವರಿದ್ದಾರೆ. ಹೊರಗಿನವರು ಇದನ್ನು ಕೇಳಿ ಬೆಚ್ಚಿಬೀಳುತ್ತಾರೆ. ಚೌಕಾಸಿ ಮಾಡಲಿ, ಕಡಿಮೆ ಆಗುತ್ತದೆ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಎಂದು ಕರಾರಿನಲ್ಲೇ ಬರೆಸಿಕೊಳ್ಳಲಿ. ವಿದೇಶಿಯರು ಬಂದ 24 ಗಂಟೆಯೊಳಗೆ, ಅವರು ತಮ್ಮಲ್ಲಿ ಇದ್ದಾರೆ ಎಂದು ಸರ್ಕಾರಕ್ಕೆ ತಿಳಿಸುವ ಫಾರ್ಮ್ ಅನ್ನು ಮನೆ ಓನರ್ ಆನ್‌ಲೈನ್‌ನಲ್ಲಿ ತುಂಬಬೇಕು. ಮೊದಲು ಅದಕ್ಕೆ ಫಾರ್ಮ್ ಸಿ ಅನ್ನುತ್ತಿದ್ದರು, 2025ರ ಹೊಸ ನಿಯಮದಲ್ಲಿ ಅದು ಫಾರ್ಮ್ III. ಎಷ್ಟೋ ಓನರ್‌ಗಳಿಗೆ ಅದರ ಹೆಸರೇ ಗೊತ್ತಿರುವುದಿಲ್ಲ, ಅದಕ್ಕೇ ಮೊದಲೇ ಕೇಳಿಬಿಡುವುದು ಒಳ್ಳೆಯದು.

ಮನೆ ನೋಡಲು ಹೋದಾಗ ಬಾಲ್ಕನಿ, ವ್ಯೂ ಎಲ್ಲ ಆಮೇಲೆ. ಮೊದಲ ಪ್ರಶ್ನೆ: ಕಾವೇರಿ ನೀರಾ, ಬೋರಾ, ಟ್ಯಾಂಕರಾ? ವಾಚ್‌ಮನ್‌ನನ್ನು "ಏಪ್ರಿಲ್‌ನಲ್ಲಿ ನೀರು ಹೇಗಣ್ಣಾ?" ಅಂತ ಕೇಳಿದರೆ ಬ್ರೋಕರ್ ಹೇಳದ ಸತ್ಯವೆಲ್ಲ ಹೊರಬರುತ್ತದೆ. ಆಫೀಸ್ ವೈಟ್‌ಫೀಲ್ಡ್‌ನಲ್ಲಿದ್ದರೆ ಜಯನಗರದ ಮರಗಳಿಗೆ ಮನಸೋಲುವುದು ಬೇಡ. ದಿನಾ ಟ್ರಾಫಿಕ್ ಅನುಭವಿಸುವವನು ಅವನೇ ಅಲ್ವಾ?

ಇನ್ನು ತೆರಿಗೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 182 ದಿನ ಇಲ್ಲಿದ್ದರೆ ಕಾನೂನಿನ ಲೆಕ್ಕದಲ್ಲಿ ಇಲ್ಲಿನ ನಿವಾಸಿ. ಬರುವ ಮುಂಚೆಯೇ ಒಬ್ಬ ಸಿಎ ಹತ್ತಿರ ಮಾತಾಡಲಿ.