ಹೂಕೋಸು ಕೈಗೆ ಬರುವ ಮೊದಲೇ ಒಣಗಿದ್ದರ ಬಗ್ಗೆ

ಸ್ಟಾರ್ಡ್ಯೂ ವ್ಯಾಲಿ ಎಂಬ ಕೃಷಿ ಆಟದಲ್ಲಿ ನಿಮ್ಮ ಹೂಕೋಸೆಲ್ಲ ಬೇಸಿಗೆಯ ಮೊದಲ ದಿನವೇ ಒಣಗಿದ್ದೇಕೆ ಎಂದು ಕೇಳಿದ್ದೀರಿ, ಬಹುಶಃ ತಡವಾಗಿ ಬಿತ್ತಿದ್ದೇ ಕಾರಣ. ಬಿತ್ತಿದ ದಿನ ನೀವು ಬರೆದಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ಹೂಕೋಸು ವಸಂತದ ಬೆಳೆ, ವಸಂತ ಮುಗಿದರೆ ಒಣಗುತ್ತದೆ. ವಸಂತ 28 ದಿನ, ಹೂಕೋಸಿಗೆ 12 ದಿನ ಬೇಕು, ನೀರು ಬೀಳದ ದಿನ ಲೆಕ್ಕಕ್ಕೇ ಬರುವುದಿಲ್ಲ, ಅಂದರೆ 16ರೊಳಗೆ ಬಿತ್ತಿ ದಿನವೂ ನೀರು ಹಾಕಲೇಬೇಕು.

ಮೊದಲು ಒಣಗಿದ್ದನ್ನು ಕುಡುಗೋಲಿನಿಂದ ಕೊಯ್ದು ಜಾಗ ಮಾಡಿ, ಸುಮ್ನೆ ನೀರು ಹಾಕಬೇಡಿ, ಅದು ಮತ್ತೆ ಚಿಗುರುವುದಿಲ್ಲ. ಸಮುದಾಯ ಭವನಕ್ಕೆ (ವಸ್ತುಗಳನ್ನು ಕೊಟ್ಟು ದುರಸ್ತಿ ಮಾಡಬೇಕಾದ ಊರಿನ ಹಳೆಯ ಕಟ್ಟಡ) ಒಂದು ಹೂಕೋಸು ಬೇಕಲ್ವಾ? ಶುಕ್ರವಾರ, ಭಾನುವಾರ ಕಾಡಿಗೆ ಬರುವ ವ್ಯಾಪಾರಿ ಗಾಡಿಯಲ್ಲಿ ನೋಡುತ್ತಿರಿ, ಸರಕು ಪ್ರತಿ ಸಲ ಬೇರೆ, ಕಂಡರೆ ಬೆಲೆ ಜಾಸ್ತಿಯಾದರೂ ಬಿಡಬೇಡಿ. ಸಿಗದಿದ್ದರೆ ಮುಂದಿನ ವಸಂತದ ಮೊದಲ ವಾರವೇ ಬಿತ್ತಿ. ಆಗ ಹೊರಗೆ ತಾನಾಗೇ ಬೆಳೆದು ಸಿಗುವ ಲೀಕ್, ಡ್ಯಾಂಡಿಲಿಯನ್, ಡ್ಯಾಫಡಿಲ್, ಕಾಡು ಹಾರ್ಸ್‌ರ್ಯಾಡಿಶ್ ಒಂದೊಂದನ್ನೂ ಮಾರದೆ ಪೆಟ್ಟಿಗೆಯಲ್ಲಿಡಿ, ಅವೂ ಭವನಕ್ಕೆ ಬೇಕು.