‘ಅಕು’ ಎಲ್ಲಿಯದು, ‘ಸಾಯ’ ಎಲ್ಲಿಯದು?

ಪ್ರಶ್ನೆ: ಕೆಲಸದ ಮೇಲೆ ಜಕಾರ್ತಾದಲ್ಲಿದ್ದೇನೆ. ‘ನಾನು’ ಅನ್ನೋದಕ್ಕೆ ಇಲ್ಲಿ ಒಬ್ಬರು ‘ಸಾಯ’ ಅಂತಾರೆ, ಇನ್ನೊಬ್ಬರು ‘ಅಕು’, ಆಫೀಸಿನ ಹುಡುಗರು ‘ಗುಎ’. ಫಿಲಿಪೀನ್ಸ್‌ನಿಂದ ಬಂದ ಸಹೋದ್ಯೋಗಿಯದು ‘ಅಕೊ’. ‘ಅಕು’ ಸಂಸ್ಕೃತದ ‘ಅಹಂ’ನಿಂದ ಬಂದದ್ದು ಎಂದು ಸ್ನೇಹಿತರೊಬ್ಬರ ವಾದ. ನಿಜವೇ?
– ಒಬ್ಬ ಓದುಗರು, ಜಕಾರ್ತಾ

ಉತ್ತರ: ಸಂಸ್ಕೃತ ಇದೆ, ಆದರೆ ನಿಮ್ಮ ಸ್ನೇಹಿತರು ಕೈ ಇಟ್ಟ ಜಾಗದಲ್ಲಿ ಅಲ್ಲ. ಅದು ಅಡಗಿರುವುದು ‘ಸಾಯ’ದಲ್ಲಿ. ‘ಅಕು’ಗೂ ‘ಅಹಂ’ಗೂ ನೆಂಟಸ್ತನವೇ ಇಲ್ಲ.

‘ಅಕು’ ಆಸ್ಟ್ರೋನೇಷ್ಯನ್ ಕುಟುಂಬದ ಸ್ವಂತ ಪದ. ಸಾವಿರದ ಇನ್ನೂರಕ್ಕೂ ಹೆಚ್ಚು ಭಾಷೆಗಳ ಈ ಕುಟುಂಬ ಮಡಗಾಸ್ಕರ್‌ನಿಂದ ಈಸ್ಟರ್ ದ್ವೀಪದವರೆಗೆ ಹಬ್ಬಿದೆ. ಸುಮಾರು 5000 ವರ್ಷಗಳ ಹಿಂದೆ ಇದು ತೈವಾನಿನಿಂದ ದೋಣಿ ಹತ್ತಿ ಹೊರಟಿತು ಎಂಬುದು ಬಹುತೇಕ ವಿದ್ವಾಂಸರು ಒಪ್ಪುವ ಮಾತು. ತೈವಾನಿನ ಮೂಲನಿವಾಸಿ ಅಮಿಸ್ ಜನರ ಭಾಷೆಯಲ್ಲಿ ‘ನಾನು’ ಎಂದರೆ ‘ಕಾಕೊ’, ‘ನನ್ನ’ ಎಂದರೆ ‘ಅಕೊ’. ನ್ಯೂಜಿಲೆಂಡಿನ ಮಾವೊರಿಗಳಲ್ಲಿ ‘ನನ್ನ ಮನೆ’ ‘ತೋಕು ಫರೆ’. ಹವಾಯಿಯಲ್ಲಿ ಅದೇ ‘ಕೊ’ಉ ಹಲೆ’: ಅಲ್ಲಿ ಹಳೆಯ ಕಕಾರ ಕರಗಿ ಗಂಟಲಲ್ಲಿ ಉಸಿರು ತಡೆದಂಥ ಒಂದು ಸದ್ದಷ್ಟೇ ಉಳಿದಿದೆ. ಸಂಸ್ಕೃತದ ಗಾಳಿಯೂ ಸೋಕದ ಈ ದ್ವೀಪಗಳಲ್ಲೆಲ್ಲ ‘ಕು’ ಇದೆ ಎಂದಮೇಲೆ ಎರವಲಿನ ಮಾತು ನಿಲ್ಲುವುದಿಲ್ಲ.

ಇನ್ನೊಂದು ಎಚ್ಚರಿಕೆ. ನಿಮ್ಮ ಸ್ನೇಹಿತರು ನಾಳೆ ಮಡಗಾಸ್ಕರ್‌ನ ಮಲಗಾಸಿ ಭಾಷೆಯ ‘ಅಹೊ’ (ನಾನು) ತೋರಿಸಿ, ನೋಡಿ ಅಹಂ ಅಂದಾರು! ಮಲಗಾಸಿ ಮಾತಾಡುವವರ ಪೂರ್ವಿಕರಲ್ಲಿ ಒಂದು ಪಾಲು ಬೋರ್ನಿಯೊದ ಬಾರಿಟೊ ನದಿಯ ಕಡೆಯಿಂದ ಹಿಂದೂ ಮಹಾಸಾಗರ ದಾಟಿದವರು. ಅವರ ಭಾಷೆ ಇವರಿಗೆ ಬಂದಿತು, ಬರುತ್ತ ಪದದ ಮೊದಲ ಹಾಗೂ ನಡುವಿನ ಹಳೆಯ ಕಕಾರ ಸಾಲುಸಾಲಾಗಿ ಹಕಾರವಾಯಿತು. ಮಲಯದಲ್ಲಿ ಮರ ‘ಕಾಯು’, ಮಲಗಾಸಿಯಲ್ಲಿ ‘ಹಾಜು’. ಚರ್ಮ ಅಲ್ಲಿ ‘ಕುಲಿತ್’, ಇಲ್ಲಿ ‘ಹುಡಿಟ್ರ’. ಹಳಗನ್ನಡದ ‘ಪಾಲ್’ ಹಾಲಾದ ಹಾಗೆ. ಅಂದರೆ ‘ಅಹೊ’ ಹಳೆಯ ‘ಅಕು’ವೇ. ಪಕ್ಕದಲ್ಲಿಟ್ಟು ನೋಡಿದಾಗ ಒಂದೇ ಥರ ಕಾಣುವುದು ಸಾಕ್ಷಿಯಲ್ಲ. ಎರಡಕ್ಷರದ ಸರ್ವನಾಮಗಳಲ್ಲಂತೂ ಕಾಕತಾಳೀಯಕ್ಕೆ ಬರವೇ ಇಲ್ಲ.

ಈಗ ‘ಸಾಯ’. ಇದು ನಮ್ಮ ‘ಸಹಾಯ’ವೇ. ಸಂಸ್ಕೃತದಲ್ಲಿ ‘ಸಹಾಯ’ ಎಂದರೆ ಜೊತೆಗಾರ, ನೆರವಿಗೆ ನಿಲ್ಲುವವ. ಮಲಯ ನಾಡಿಗೆ ಹೋದಾಗ ಅದು ಆಳು ಎಂಬ ಅರ್ಥ ಪಡೆಯಿತು. ‘ಹಂಬ ಸಹಾಯ’ ಎಂದರೆ ಗುಲಾಮರು ಎಂದು ಇಂದಿಗೂ ನಿಘಂಟಿನಲ್ಲಿದೆ. ದೊಡ್ಡವರ ಮುಂದೆ ‘ನಾನು’ ಎನ್ನಲು ಹಿಂಜರಿದವರು ‘ತಮ್ಮ ಆಳು’ ಎಂದರು. ಬಳಸಿ ಬಳಸಿ ನಡುವಿನ ಹಕಾರ ಬಿದ್ದು ‘ಸಾಯ’ ಉಳಿಯಿತು. ಈಗ ಪ್ರಧಾನ ಕಚೇರಿಯಿಂದ ಟೀವಿ ವಾರ್ತೆಯವರೆಗೆ ಎಲ್ಲರೂ ಅದನ್ನೇ ಅನ್ನುತ್ತಾರೆ, ಆಳುತನ ಯಾರ ನೆನಪಿಗೂ ಬಾರದು. ಜಾವಾದಲ್ಲಿ ‘ನಾನು’ ಎನ್ನಲು ಬಳಸುವ ‘ಕುಲ’ ಕೂಡ ‘ಕವುಲ’ದ (ಪ್ರಜೆ, ಸೇವಕ) ಮೊಟಕು ರೂಪ, ಸುಂಡಾದ ‘ಅಬ್ದಿ’ ಅರಬ್ಬಿಯಿಂದ ಬಂದ ‘ಸೇವಕ’. ಮೇಲುಕೋಟೆಯ ಕಡೆ ‘ಅಡಿಯೇನ್’ (ಅಡಿಯಾಳಾದ ನಾನು) ಕೇಳಿದವರಿಗೆ ಈ ವಿನಯ ಹೊಸದೇನಲ್ಲ. ‘ಗುಎ’ ಮಾತ್ರ ಬೇರೆ ದಾರಿಯದು: ಚೀನೀ ವಲಸಿಗರ ಹೊಕ್ಕಿಯನ್ ಭಾಷೆಯ ‘ಗುಆ’ (ನಾನು) ಜಕಾರ್ತಾದ ಬೀದಿಯಲ್ಲಿ ಪಡೆದ ರೂಪ. ಜೊತೆಯ ‘ಲು’ (ನೀನು) ಸಹ ಅಲ್ಲಿಂದಲೇ.

ಹಾಗಾದರೆ ‘ಅಕು’ ಎಂದೂ ಕೀಳಾಗಿತ್ತೇ? ಇಲ್ಲ. ಬಂಕಾ ದ್ವೀಪದ ಕೋಟ ಕಪೂರ್ ಶಾಸನ ನೋಡಿ. ಕ್ರಿ.ಶ. 686ರದು, ಪಲ್ಲವ ಲಿಪಿಯಲ್ಲಿ ಹಳೆಯ ಮಲಯ ಭಾಷೆ, ಹೊರಡಿಸಿದ್ದು ಶ್ರೀವಿಜಯದ ಪ್ರಭುತ್ವ. ‘ನನಗೂ, ನಾನು ದಾತುವಾಗಿ (ಒಡೆಯರಾಗಿ) ನೇಮಿಸಿದವರಿಗೂ’ ನಿಷ್ಠೆ ತೋರದವರಿಗೆ ಶಾಪ ಹಾಕುವ ಸಾಲಿನಲ್ಲಿ ‘ದಿ ಆಕು’ ಎಂದೇ ಇದೆ. ‘ನಾನು ನೇಮಿಸಿದ’ ಎಂಬುದರ ಕೊನೆಗೆ ‘ಕು’ ಅಂಟಿಕೊಂಡಿದೆ. ರಾಜನಿಗೆ ಆಳಿನ ವೇಷ ಬೇಕಿರಲಿಲ್ಲ. ನಿಮಗೆ ಮಾತ್ರ ಸಲಹೆ ಇಷ್ಟೇ: ಬಾಸ್ ಮುಂದೆ ‘ಸಾಯ’ ಸಾಕು. ಹುಡುಗರು ನಿಮಗೆ ‘ಲು’ ಅನ್ನತೊಡಗಿದ ಮೇಲೆ ‘ಗುಎ’ ಅನ್ನಿ.

ಪ್ರಶ್ನೆ: ‘ಅಕು’ವಿಗಿಂತ ಹಿಂದೆ ಏನಿತ್ತು?
– ಒಬ್ಬ ವಿದ್ಯಾರ್ಥಿನಿ, ಧಾರವಾಡ

ಉತ್ತರ: ತೈವಾನಿನ ಮೂಲಭಾಷೆಗೆ ವಿದ್ವಾಂಸರು ಕಟ್ಟಿಕೊಡುವ ರೂಪ ‘ಅಕು’, ಅದರ ತಿರುಳು ‘ಕು’. ಅದರಾಚೆಗೆ ಒಂದು ಸುಳಿವಿದೆ. ಥಾಯ್ ಭಾಷೆಯಲ್ಲೂ ‘ಕೂ’ ಎಂದರೆ ನಾನು. ಇಂದು ಅದು ಒರಟು ಮಾತು, ಆಪ್ತ ಗೆಳೆಯರ ನಡುವೆ ಬಿಟ್ಟರೆ ಬೈಗುಳದ ಹತ್ತಿರ. ಆದರೆ 1292ರದೆನ್ನಲಾದ ರಾಮ್‌ಖಮ್‌ಹೇಂಗ್ ಶಾಸನದಲ್ಲಿ ರಾಜನೇ ‘ನನ್ನ ತಂದೆಯ ಹೆಸರು ಶ್ರೀ ಇಂದ್ರಾದಿತ್ಯ’ ಎನ್ನುವಾಗ ಬಳಸಿದ್ದು ‘ಕೂ’. ಥಾಯ್ ಕುಟುಂಬವೂ ಆಸ್ಟ್ರೋನೇಷ್ಯನ್ ಕುಟುಂಬವೂ ದೂರದ ದಾಯಾದಿಗಳು ಎಂದು ಭಾಷಾವಿಜ್ಞಾನಿ ಪಾಲ್ ಬೆನೆಡಿಕ್ಟ್ 1942ರಲ್ಲಿ ವಾದಿಸಿದರು. ಇಂಥ ಪದಗಳೇ ಆ ವಾದದ ಬಲ. ಎಲ್ಲರೂ ಒಪ್ಪಿಲ್ಲ; ನನಗೇನೋ ಅದರಲ್ಲಿ ಹುರುಳು ಕಾಣುತ್ತದೆ, ಆದರೆ ‘ಕು’ ಒಂದನ್ನೇ ನಂಬಿ ಸಹಿ ಹಾಕಲಾರೆ.

ಪ್ರಶ್ನೆ: ತುಳುವಿನಲ್ಲಿ ‘ನಮ’, ‘ಎಂಕುಲು’ ಎಂದು ಎರಡು ‘ನಾವು’ ಇವೆ. ಆ ದ್ವೀಪಗಳಲ್ಲೂ ಇವೆಯಂತೆ?
– ಒಬ್ಬ ಓದುಗರು, ಮಂಗಳೂರು

ಉತ್ತರ: ಇವೆ, ಅದೂ ಮೂಲದಿಂದಲೇ. ಕೇಳುವವರನ್ನು ಸೇರಿಸಿಕೊಂಡ ನಾವು ‘ಕಿತ’, ಬಿಟ್ಟ ನಾವು ‘ಕಾಮಿ’. ಕನ್ನಡದಲ್ಲಿ ‘ನಾವು ಊಟಕ್ಕೆ ಹೊರಟಿದ್ದೀವಿ’ ಎಂದರೆ ಎದುರಿನವರು ಚಪ್ಪಲಿ ಮೆಟ್ಟಬೇಕೋ ಬೇಡವೋ ತಿಳಿಯದು. ಇಂಡೋನೇಷ್ಯನ್ನಿನ ಶಿಷ್ಟ ರೂಪದಲ್ಲಿ ಆ ಗೊಂದಲವಿಲ್ಲ. ಫಿಲಿಪೀನ್ಸ್‌ನ ಟಗಾಲೊಗ್‌ನಲ್ಲಿ ‘ಕಿತ’ ಇನ್ನೂ ಸೊಗಸಾಗಿ ತಿರುಗಿದೆ: ‘ಮಹಲ್ ಕಿತ’ ಎಂದರೆ ‘ನಿನ್ನನ್ನು ಪ್ರೀತಿಸುತ್ತೇನೆ’. ನಾನೂ ನೀನೂ ಆ ಒಂದೇ ಪದದೊಳಗೆ.

ಪಾಲಿನೇಷ್ಯಾದವರು ಇದಕ್ಕೆ ಎಣಿಕೆಯನ್ನೂ ಸೇರಿಸಿದರು. ಮಾವೊರಿಯಲ್ಲಿ ‘ತಾಉಅ’ ನಾನು-ನೀನು ಇಬ್ಬರೇ, ‘ಮಾಉಅ’ ನಾನು ಮತ್ತು ಇನ್ನೊಬ್ಬರು, ನೀನಲ್ಲ. ಕೊನೆಯ ‘ಉಅ’ ಎಂಬುದು ‘ರುಅ’, ಎರಡು. ಎಲ್ಲರೂ ಸೇರಿದ ನಾವು ‘ತಾತೊಉ’. ಅದರ ಬಾಲದಲ್ಲಿರುವುದು ‘ಮೂರು’ ಎಂಬ ಸಂಖ್ಯೆಯ ಸವೆದ ರೂಪ. ಮೊದಲು ನಾವು ಮೂವರು ಎಂದಿದ್ದದ್ದು ಈಗ ಎಷ್ಟು ಜನರಿಗಾದರೂ ಸಲ್ಲುತ್ತದೆ. ಅತ್ತ ಜಕಾರ್ತಾದ ಆಡುಮಾತಿನಲ್ಲಿ ‘ಕಾಮಿ’ ಹಿಂದೆ ಸರಿದು, ಎರಡೂ ಕೆಲಸವನ್ನು ‘ಕಿತ’ವೇ ಮಾಡತೊಡಗಿದೆ.