ಬೇಸ್‌ಬಾಲ್ ಕಲಿಸಲು ಡೊಮಿನಿಕನ್ ನಾಡಿಗೇ ಹೋಗಬೇಕಾ?

ಪುತ್ತೂರು ಕಡೆಯಿಂದ ಹೋಗಿ ಟೆಕ್ಸಸ್‌ನಲ್ಲಿ ನೆಲೆಸಿದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರ ಇಷ್ಟು. ಅವರ ಮಗ ಹೈಸ್ಕೂಲಿನ ಬೇಸ್‌ಬಾಲ್ ತಂಡದಲ್ಲಿ ಆಡುತ್ತಾನೆ. ಅದೇ ತಂಡದ ಪಿಚರ್ (ಚೆಂಡು ಎಸೆಯುವ) ಹುಡುಗ, ಹದಿನೇಳು ವರ್ಷದವನು, ಕಳೆದ ಬೇಸಿಗೆಯಲ್ಲಿ ಚರ್ಚಿನವರ ಜೊತೆ ಕೆರಿಬಿಯನ್ ದ್ವೀಪನಾಡು ಡೊಮಿನಿಕನ್ ರಿಪಬ್ಲಿಕ್‌ಗೆ ಹತ್ತು ದಿನದ ಮಿಷನ್ ಪ್ರವಾಸ ಹೋಗಿ ಬಂದ. ಬೆಳಿಗ್ಗೆ ಕಬ್ಬು ಕಡಿಯುವ ಕೂಲಿಗಳ ಕೇರಿಯಲ್ಲಿ ಮಕ್ಕಳಿಗೆ ಬೇಸ್‌ಬಾಲ್ ಹೇಳಿಕೊಡುವುದು, ಮಧ್ಯಾಹ್ನ ಶಾಲೆಯ ಗೋಡೆಗೆ ಬಣ್ಣ, ಸಂಜೆ ಪ್ರಾರ್ಥನೆ. ಕೊನೆಯ ದಿನ ತನ್ನ ಗ್ಲೌಸನ್ನು ಒಬ್ಬ ಪುಟ್ಟ ಹುಡುಗನಿಗೆ ಕೊಟ್ಟು ಅತ್ತೇಬಿಟ್ಟನಂತೆ. ಈಗ ಇವರ ಮಗನಿಗೂ ಹೋಗುವ ಆಸೆ. 'ನಮ್ಮನೆಯವರು ಇದೆಲ್ಲ ಮತಾಂತರದ ಆಟ ಅಂತಾರೆ. ನನಗಂತೂ ಒಳ್ಳೆಯದೇ ಅನ್ನಿಸುತ್ತೆ. ಏನೂ ಇಲ್ಲದಿದ್ದರೂ ಆ ಮಕ್ಕಳು ಎಷ್ಟು ಖುಷಿಯಾಗಿದ್ದಾರೆ ಅಂತ ನಮ್ಮ ಮಕ್ಕಳಿಗೂ ಗೊತ್ತಾಗಲಿ. ನೀವೇನಂತೀರಿ?' ಎಂದು ಕೇಳಿದ್ದಾರೆ.

ಅಕ್ಕಾ, ಮೊದಲು ನಿಮ್ಮ ಯಜಮಾನರ ಮಾತು. ಆ ನಾಡಿನವರು ಇವರು ಹೋಗುವ ಮೊದಲೇ ಕ್ರೈಸ್ತರು. ಅಮೆರಿಕ ಖಂಡಗಳಲ್ಲೇ ಅತಿ ಹಳೆಯ ಕೆಥೆಡ್ರಲ್ ಇರುವುದು ಅಲ್ಲಿನ ರಾಜಧಾನಿ ಸಾಂಟೊ ಡೊಮಿಂಗೊದಲ್ಲಿ. 1511ರಲ್ಲಿ ಅದೇ ಊರಲ್ಲಿ ಆಂಟೋನಿಯೊ ಡಿ ಮೊಂಟೆಸಿನೋಸ್ ಎಂಬ ಪಾದ್ರಿ ಪ್ರವಚನಕ್ಕೆ ನಿಂತು, ಸ್ಥಳೀಯ ತೈನೋ ಜನರನ್ನು ಹಿಂಸಿಸುತ್ತಿದ್ದ ತನ್ನ ಸ್ಪೇನಿನವರನ್ನೇ ಹಿಗ್ಗಾಮುಗ್ಗಾ ಬೈದ. ಬಾಯಿ ಬಳಿ ಕೈ ಹಿಡಿದು ಕೂಗುತ್ತಿರುವ ಅವನ ದೊಡ್ಡ ಪ್ರತಿಮೆ ಅಲ್ಲಿನ ಕಡಲ ದಂಡೆಯಲ್ಲಿದೆ. ಪರವೂರಿನವರಿಗೆ ಬುದ್ಧಿ ಹೇಳುವುದಕ್ಕಿಂತ ಇದು ಕಷ್ಟದ ಧರ್ಮಪ್ರಚಾರ ಅಲ್ವಾ? ಯಜಮಾನರ ಅನುಮಾನಕ್ಕೆ ಆಧಾರವೇ ಇಲ್ಲ ಅಂತಲ್ಲ. ಒಂದು ಪಂಗಡದವರು ಇನ್ನೊಂದಕ್ಕೆ ಸೆಳೆಯುವುದು ಅಲ್ಲೂ ನಡೆಯುತ್ತದೆ. ನನ್ನ ತಕರಾರು ಮಾತ್ರ ಬೇರೆ.

ಡೊಮಿನಿಕನ್ ಮಕ್ಕಳಿಗೆ ಟೆಕ್ಸಸ್ ಹುಡುಗರು ಬೇಸ್‌ಬಾಲ್ ಕಲಿಸುವುದೇ! ಒಂದು ಕೋಟಿ ಚಿಲ್ಲರೆ ಜನರ ಆ ನಾಡಿನಿಂದ ಪ್ರತಿ ವರ್ಷ ಸುಮಾರು ನೂರು ಆಟಗಾರರು ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಪಂದ್ಯಾವಳಿಯಾದ ಮೇಜರ್ ಲೀಗ್‌ನ ಮೊದಲ ದಿನದ ತಂಡಗಳಲ್ಲಿ ಇರುತ್ತಾರೆ. ಅಮೆರಿಕ ಬಿಟ್ಟರೆ ಬೇರೆ ಯಾವ ದೇಶದವರೂ ಅಷ್ಟಿಲ್ಲ. ಅಲ್ಲಿ ಹೆಸರು ಮಾಡಿದ ಸ್ಯಾಮಿ ಸೋಸಾ ಬಂದದ್ದು ಸಕ್ಕರೆ ಕಾರ್ಖಾನೆಗಳ ಊರಾದ ಸಾನ್ ಪೆದ್ರೊ ದೆ ಮಾಕೊರಿಸ್‌ನಿಂದ. ಅಲ್ಲಿನ ಬೀದಿಗಳಲ್ಲಿ ವಿತಿಯಾ ಅಂತ ಒಂದು ಆಟವಿದೆ. ದೊಡ್ಡ ನೀರಿನ ಕ್ಯಾನಿನ ಪ್ಲಾಸ್ಟಿಕ್ ಮುಚ್ಚಳವೇ ಚೆಂಡು, ಪೊರಕೆ ಕೋಲೇ ಬ್ಯಾಟು. ನಮ್ಮ ಚಿನ್ನಿದಾಂಡಿನ ಹಾಗೆ ಖರ್ಚಿಲ್ಲದ ಆಟ. ಎಸೆದ ಮುಚ್ಚಳ ಗಾಳಿಯಲ್ಲಿ ತೇಲುತ್ತದೆ, ತಿರುಗುತ್ತದೆ, ಕೊನೆಗಳಿಗೆಯಲ್ಲಿ ದಬಕ್ಕನೆ ಕೆಳಗಿಳಿಯುತ್ತದೆ. ಅದಕ್ಕೆ ಆ ಸಪೂರ ಕೋಲು ತಾಗಿಸಿದವನಿಗೆ ಮುಂದೆ ನಿಜವಾದ ಚೆಂಡು ಕುಂಬಳಕಾಯಿಯಷ್ಟು ಕಾಣಬಹುದು. ನಿಮ್ಮ ಪಿಚರ್ ಹುಡುಗ ಒಂದು ಸಂಜೆ ಆ ಕೋಲು ಹಿಡಿದು ನಿಂತನಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ.

ಇನ್ನು 'ಏನೂ ಇಲ್ಲದಿದ್ದರೂ ಖುಷಿ' ಎಂಬ ಮಾತು. ಅಕ್ಕಾ, ಇದನ್ನು ಕೇಳಿದಾಗೆಲ್ಲ ನನಗೆ ರೇಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಆ ಕೂಲಿ ಕೇರಿಗಳಿಗೆ ಬತೇ ಅನ್ನುತ್ತಾರೆ. ಇರುವವರಲ್ಲಿ ಹೆಚ್ಚಿನವರು ಕಬ್ಬು ಕಡಿಯಲು ಪಕ್ಕದ ಹೈಟಿಯಿಂದ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. 2013ರಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಕಾಗದಪತ್ರವಿಲ್ಲದ ವಿದೇಶಿಯರಿಗೆ ಅಲ್ಲೇ ಹುಟ್ಟಿದ ಮಕ್ಕಳಿಗೆ ಪೌರತ್ವವಿಲ್ಲ, ಅದೂ 1929ರಿಂದ ಹಿಡಿದು! ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನ ರಾತ್ರಿ ಬೆಳಗಾಗುವುದರಲ್ಲಿ ಯಾವ ದೇಶಕ್ಕೂ ಸೇರದವರಾದರು. ಮುಂದಿನ ವರ್ಷ ಒಂದು ಕಾನೂನು ತಂದು ಸ್ವಲ್ಪ ಸರಿಮಾಡಿದರು, ಪೂರ್ತಿ ಅಲ್ಲ. ಗ್ಲೌಸ್ ಪಡೆದ ಆ ಪುಟ್ಟ ಹುಡುಗನಿಗೆ ಜನನ ಪತ್ರ ಇದೆಯಾ? ಮಗು ನಗುತ್ತದೆ, ಮಕ್ಕಳಲ್ಲವೇ. ಅವನ ಅಪ್ಪನ ಮುಖ ಯಾರಾದರೂ ನೋಡಿದರಾ?

ಬೇಸ್‌ಬಾಲ್ ಅಲ್ಲಿ ಬರೀ ಆಟವೂ ಅಲ್ಲ. ಮೇಜರ್ ಲೀಗ್‌ನ ಮೂವತ್ತೂ ತಂಡಗಳ ಅಕಾಡೆಮಿಗಳು ಅಲ್ಲಿವೆ. ಹುಡುಗರಿಂದ ಹದಿನಾರಕ್ಕೇ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದಕ್ಕಾಗಿ ಎಷ್ಟೋ ಹುಡುಗರು ಹನ್ನೆರಡು ಹದಿಮೂರಕ್ಕೇ ಶಾಲೆ ಬಿಟ್ಟು ಬುಸ್ಕೋನ್ ಎನ್ನುವ ತರಬೇತುದಾರ-ದಲ್ಲಾಳಿಗಳ ಕೈ ಸೇರುತ್ತಾರೆ. ಸಹಿಯ ಹಣದಲ್ಲಿ ಅವರಿಗೂ ಪಾಲು. ಸಹಿಯಾದವರಲ್ಲೂ ಬಹುಪಾಲು ಜನ ಮೇಜರ್ ಲೀಗ್ ಮುಖ ನೋಡದೆ ವಾಪಸ್ ಬರುತ್ತಾರೆ, ಅತ್ತ ಓದೂ ಇಲ್ಲ, ಇತ್ತ ಆಟವೂ ಇಲ್ಲ. ಇಂಥ ಕಡೆ 'ನೀನು ಚೆನ್ನಾಗಿ ಆಡ್ತೀಯ' ಅಂತ ಬೆನ್ನು ತಟ್ಟಿ ವಿಮಾನ ಹತ್ತುವುದು ಸುಲಭ.

1968ರಲ್ಲಿ ಚಿಂತಕ ಇವಾನ್ ಇಲ್ಲಿಚ್ ಮೆಕ್ಸಿಕೋದಲ್ಲಿ, ಸೇವೆಗೆಂದು ಬಂದಿದ್ದ ಅಮೆರಿಕದ ಹುಡುಗರೆದುರೇ ನಿಂತು ಹೇಳಿದ್ದು ಇದನ್ನೇ. ನೋಡಲು ಬನ್ನಿ, ಓದಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಅಂತ. ಸ್ವತಃ ಪಾದ್ರಿಯಾಗಿದ್ದ ಮನುಷ್ಯ.

ಹಾಗಾದರೆ ಯಾರೂ ಹೋಗಲೇಬಾರದಾ? ಹೋಗಲಿ, ಉಳಿಯಲಿ. ನೀವು ಪುತ್ತೂರಿನವರು, ನಿಮಗೆ ನಾನು ಹೇಳಬೇಕೇ? ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದದ್ದು ಧರ್ಮ ಹೇಳಲು. ಇದ್ದು ಕನ್ನಡ ಕಲಿತ. 1843ರಲ್ಲಿ 'ಮಂಗಳೂರ ಸಮಾಚಾರ' ತಂದ. ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದ. ಪುರಂದರದಾಸರು ಆ ಪಾದ್ರಿಯ ಕೈಯಲ್ಲಿ! ಕಿಟೆಲ್ 1853ರಲ್ಲಿ ಬಂದ. ನಿಘಂಟು ಹೊರಬಂದದ್ದು 1894ರಲ್ಲಿ, ನಲವತ್ತೊಂದು ವರ್ಷದ ಮೇಲೆ. ಅವರ ಮತ ನಮಗೆ ಬೇಕಾಗಲಿಲ್ಲ, ಅವರ ಕೆಲಸ ಇವತ್ತಿಗೂ ನನ್ನ ಮೇಜಿನ ಮೇಲಿದೆ.

ಆಟಗಾರರೇ ಬೇಕೆಂದರೆ ಸಿ.ಟಿ. ಸ್ಟಡ್ ಇದ್ದಾನೆ. 1882ರ ಓವಲ್ ಟೆಸ್ಟ್‌ನಲ್ಲಿ ಇಂಗ್ಲೆಂಡ್ ಏಳು ರನ್ನಿಗೆ ಸೋತಾಗ, ಒಂದೂ ಎಸೆತ ಎದುರಿಸದೆ ಇನ್ನೊಂದು ತುದಿಯಲ್ಲಿ ನಿಂತಿದ್ದ ಬ್ಯಾಟ್ಸ್‌ಮನ್. ಆ್ಯಶಸ್ ಕಥೆ ಶುರುವಾದದ್ದೇ ಆ ಸೋಲಿನಿಂದ. 1885ರಲ್ಲಿ ಮಿಷನರಿಯಾಗಿ ಚೀನಾಕ್ಕೆ ಹೋದ, ಚೀನೀ ಬಟ್ಟೆ ತೊಟ್ಟ, ಅಪ್ಪನಿಂದ ಬಂದ ಆಸ್ತಿ ಹಂಚಿಬಿಟ್ಟ. ಆಮೇಲೆ ನಮ್ಮ ಪಕ್ಕದ ಊಟಿಯಲ್ಲಿ ಆರು ವರ್ಷ ಇದ್ದು, ಕೊನೆಗೆ ಕಾಂಗೋದಲ್ಲಿ ತೀರಿಕೊಂಡ.

ಬೇಸ್‌ಬಾಲಿನಲ್ಲೇ ಹೇಳಿ ಅಂದರೆ ಮೇಜರ್ ಲೀಗ್‌ನಲ್ಲಿ ಪಿಚರ್ ಆಗಿದ್ದ ನಿಮ್ಮ ಡಲ್ಲಾಸ್ ಹುಡುಗ ಕ್ಲೇಟನ್ ಕರ್ಷಾ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಜೊತೆ ಜಾಂಬಿಯಾಕ್ಕೆ ಹೋದ. ಆಕೆ ಕಾಲೇಜು ದಿನಗಳಿಂದ ಅಲ್ಲಿಗೆ ಹೋಗುತ್ತಿದ್ದವಳು. 2011ರಲ್ಲಿ ಪ್ರತಿ ಸ್ಟ್ರೈಕ್‌ಔಟ್‌ಗೆ (ಮೂರು ಸ್ಟ್ರೈಕ್‌ಗೆ ಬ್ಯಾಟ್ಸ್‌ಮನ್ ಔಟ್) ನೂರು ಡಾಲರ್ ಅನಾಥ ಮಕ್ಕಳ ಮನೆಗೆ ಅಂತ ಮಾತು ಕೊಟ್ಟ. ಆ ವರ್ಷ 248 ಸ್ಟ್ರೈಕ್‌ಔಟ್! ಮತ್ತೆ ಮತ್ತೆ ಹೋದ ಕೂಡ. 2012ರಲ್ಲಿ ಅವನಿಗೆ ಸಿಕ್ಕಿದ್ದು ರೊಬೆರ್ಟೊ ಕ್ಲೆಮೆಂಟೆ ಪ್ರಶಸ್ತಿ. ಭೂಕಂಪವಾಗಿದ್ದ ನಿಕರಾಗುವಾಕ್ಕೆ ಸಾಮಾನು ಹೊತ್ತ ವಿಮಾನದಲ್ಲಿ 1972ರ ಡಿಸೆಂಬರ್ 31ರ ರಾತ್ರಿ ಹೊರಟು, ಅದು ಬಿದ್ದು ಸತ್ತ ಬೇಸ್‌ಬಾಲ್ ಆಟಗಾರ ಈ ಕ್ಲೆಮೆಂಟೆ.

ಗೋಡೆಗೆ ಬಣ್ಣ ಹೊಡೆಯುವ ಖಯಾಲಿ ನಮ್ಮಲ್ಲೂ ಜಾಸ್ತಿ. ಬೆಂಗಳೂರಿನ ಹೊರವಲಯದ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಕಂಪನಿಯವರು ಶನಿವಾರ ಬಸ್ಸಿನಲ್ಲಿ ಬಂದು ಚಿಟ್ಟೆ, ಸೂರ್ಯಕಾಂತಿ ಬರೆದು ಹೋಗಿದ್ದರು. ಬಣ್ಣ ಎದ್ದ ಕಡೆ ಒಳಗಿಂದ ಹಳೆಯ ಕಂಪನಿಯ ಆನೆ ಇಣುಕುತ್ತಿತ್ತು. 'ಸರ್, ಚಿಟ್ಟೆ ಸಾಕು, ಒಬ್ಬರು ಗಣಿತದ ಮೇಷ್ಟ್ರನ್ನ ಕೊಡಿಸಿ' ಅಂದರು ಹೆಡ್‌ಮಿಸ್. ಬಂದವರಲ್ಲಿ ಕೆಲವರಿಗೆ ಮಕ್ಕಳ ಹೆಸರು ಕೇಳುವಷ್ಟೂ ಕನ್ನಡ ಬರುತ್ತಿರಲಿಲ್ಲವಂತೆ. ಈ ಊರಲ್ಲೇ ಹತ್ತು ವರ್ಷದಿಂದ ಇದ್ದವರು! ಕಿಟೆಲ್ ಜರ್ಮನಿಯಿಂದ ಬಂದವನು, ಪಾಪ.

ಮಗನನ್ನು ಕಳಿಸಿ ಅಕ್ಕಾ, ತಡೆಯಬೇಡಿ. ಈಗಿನಿಂದಲೇ ಸ್ಪ್ಯಾನಿಷ್ ಕಲಿಯಲಿ, ಟೆಕ್ಸಸ್‌ನಲ್ಲಿ ಕಲಿಸುವವರಿಗೇನು ಬರವಿಲ್ಲ. ಗ್ಲೌಸನ್ನು ಒಂದು ಮಗುವಿಗೆ ಕೊಟ್ಟು ಉಳಿದವರ ಹೊಟ್ಟೆ ಉರಿಸುವುದು ಬೇಡ, ಅಲ್ಲಿನ ಕೋಚ್ ಕೈಗೆ ಕೊಡಲಿ. ಬಣ್ಣದ ಕೆಲಸ ಅಲ್ಲಿನ ಪೇಂಟರಿಗೆ ಹೋಗಲಿ, ಕೂಲಿಯನ್ನು ಇವರು ಕೊಡಲಿ. ಇವನು ವಿತಿಯಾ ಆಡಿ ಎಷ್ಟು ಸಲ ಔಟಾದ ಅಂತ ನನಗೆ ಬರೆಯಲಿ, ಖಂಡಿತ ಪ್ರಕಟಿಸುತ್ತೇನೆ.

ಪತ್ರದ ಜೊತೆ ನೀವು ಕಳಿಸಿದ ಫೋಟೋ ಮಾತ್ರ ಹಾಕುತ್ತಿಲ್ಲ. ಅದರಲ್ಲಿರುವ ಮಕ್ಕಳ ಅಪ್ಪ ಅಮ್ಮನನ್ನು ಕೇಳಿ ತೆಗೆದದ್ದು ಅಂತ ಎಲ್ಲೂ ಬರೆದಿಲ್ಲ.

– ಸಂಪಾದಕ